ಎಂಟು ಕೋಣೆ, ಒಂಬತ್ತು ಜನ

ನನ್ನ ಮಗಳು ನಾಲ್ಕು ವರ್ಷ ಚಿತ್ರಕಲೆ ಓದಿ, ಅದರ ಮೇಲೆ ಇನ್ನೆರಡು ವರ್ಷ ಓದಿ, ಕೊನೆಗೆ ಬಾಣದ ಗುರುತು ಬರೆಯಲು ಕೂತಳು. ಹೀಗೆ ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಅವಳು ಮಾಡುತ್ತಿದ್ದದ್ದು ಕಾಲೇಜಿನ ಕೊನೇ ವರ್ಷದ ಪ್ರದರ್ಶನದ ವಿಷುಯಲ್ ಐಡೆಂಟಿಟಿಯಂತೆ. ಹಾಗಂದರೇನು ಎಂದು ಕೇಳಿದೆ. ಆಹ್ವಾನ ಪತ್ರ, ಪೋಸ್ಟರ್, ಬಾಗಿಲ ಮೇಲಿನ ಬೋರ್ಡು, ದಾರಿ ತೋರಿಸುವ ಹಲಗೆ, ಚಿತ್ರದ ಪಕ್ಕ ಅಂಟಿಸುವ ಚೀಟಿ, ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣಬೇಕಂತೆ. ನನಗಿರುವುದು ಒಬ್ಬಳೇ ಮಗಳು, ಅವಳೇ ನನ್ನ ಹಾಗೆ ಕಾಣುವುದಿಲ್ಲವಲ್ಲ ಎಂದೆ. ಆ ದಿನ ಮಾತು ಅಲ್ಲಿಗೇ ನಿಂತಿತು.

ನಾನು ಇಪ್ಪತ್ತೇಳು ವರ್ಷದಿಂದ ಒಂದು ದೊಡ್ಡ ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂತವಳು. ಎಕ್ಸ್‌ರೇ ಎಲ್ಲಿ, ರಕ್ತ ಪರೀಕ್ಷೆ ಎಲ್ಲಿ, ಕಣ್ಣಿನ ಡಾಕ್ಟರು ಯಾವ ಮಹಡಿ, ಇದೇ ನನ್ನ ಬದುಕು. ಕಿಟಕಿಯ ಮೇಲೆ ಆಳೆತ್ತರದ ಬೋರ್ಡಿದೆ. ಜನ ಅದರ ಕೆಳಗೇ ನಿಂತು ನನ್ನನ್ನು ಕೇಳುತ್ತಾರೆ. ಈಗ ಎಷ್ಟು ಅಭ್ಯಾಸವಾಗಿದೆ ಎಂದರೆ ಮನೆಯಲ್ಲಿ ಇವರು ಟವೆಲ್ ಎಲ್ಲಿ ಎಂದು ಕೇಳಿದರೂ ನನ್ನ ಕೈ ತಾನಾಗಿ ಚಾಚಿಕೊಂಡು, ನೇರ ಹೋಗಿ ಎಡಕ್ಕೆ ತಿರುಗಿ ಎಂದುಬಿಡುತ್ತೇನೆ. ದಾರಿ ತಪ್ಪುವವರ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಮಗಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಸ್ಪತ್ರೆ ಬೇರೆ, ಕಲೆ ಬೇರೆ ಎಂದು ಅವಳ ತೀರ್ಮಾನ.

ಇವರದು ರೈಲು ಓಡಿಸುವ ಕೆಲಸ. ಕೆಂಪು ಕಂಡರೆ ನಿಲ್ಲುವುದು, ಹಸಿರು ಕಂಡರೆ ಹೋಗುವುದು, ಇದಕ್ಕೆ ಎರಡು ವರ್ಷ ಓದಬೇಕೇ ಎಂದು ಒಮ್ಮೆ ಕೇಳಿ, ಮಗಳು ಮುಖ ಊದಿಸಿಕೊಂಡದ್ದನ್ನು ನೋಡಿ, ಆಮೇಲೆ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡರು. ನಾನು ಹಾಕಿಕೊಳ್ಳಲಿಲ್ಲ.

ವಿಷಯ ಹೀಗಿತ್ತು. ಆ ವರ್ಷ ಅವಳ ತರಗತಿಯಲ್ಲಿ ಒಂಬತ್ತು ಜನ. ಪ್ರದರ್ಶನಕ್ಕೆ ಕೊಟ್ಟ ಹಳೇ ಕಟ್ಟಡದಲ್ಲಿ ಎಂಟು ಕೋಣೆ. ಉಳಿದ ಎಂಟು ಜನಕ್ಕೆ ಗೋಡೆಗೆ ಹಾಕಲೋ ನೆಲದ ಮೇಲಿಡಲೋ ಏನಾದರೊಂದಿತ್ತು. ಒಬ್ಬಳು ಮಣ್ಣಿನ ಪಾತ್ರೆ ಮಾಡಿದ್ದಳು. ಒಬ್ಬ ಯಾರೂ ಕೂರಬಾರದಂಥ ಕುರ್ಚಿ ಮಾಡಿದ್ದ. ಇನ್ನೊಬ್ಬ ತನ್ನ ತಾತ ನಿದ್ದೆ ಮಾಡುವುದನ್ನು ನಲವತ್ತು ನಿಮಿಷ ವಿಡಿಯೋ ತೆಗೆದಿದ್ದ. ತಾತ ಒಮ್ಮೆ ಮಗ್ಗುಲು ಬದಲಿಸುತ್ತಾರೆ, ಅದೇ ಅದರ ಕಥೆ. ಒಂಬತ್ತನೆಯವಳು ನನ್ನ ಮಗಳು. ಇಡೀ ಪ್ರದರ್ಶನದ ಚಹರೆಯೇ ಅವಳ ಪರೀಕ್ಷೆ, ಆದ್ದರಿಂದ ಅವಳಿಗೆ ಕೋಣೆ ಇಲ್ಲ. ಮೊದಲ ದಿನ ಹೊರಗಿನಿಂದ ಪರೀಕ್ಷಕರು ಬಂದು, ಎಲ್ಲರಂತೆ ಸುತ್ತಾಡಿ, ಆಮೇಲೆ ಒಬ್ಬೊಬ್ಬರನ್ನೂ ಅವರ ಕೆಲಸದ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೆ ಇನ್ನೊಂದು ವರ್ಷ ಓದಬೇಕು. ನನ್ನ ಮಗಳನ್ನು ಯಾವುದರ ಮುಂದೆ ನಿಲ್ಲಿಸುತ್ತಾರೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಅವಳು.

ಅವರ ಸಭೆಗಳು ನಮ್ಮ ಊಟದ ಮೇಜಿನ ಮೇಲೆ ನಡೆದವು. ಮೊದಲ ಸಭೆ ಬಣ್ಣದ ಬಗ್ಗೆ. ಮೂರು ಗಂಟೆ ಮಾತಾಡಿ, ನಾಲ್ಕು ಸಲ ಟೀ ಕುಡಿದು, ಬಣ್ಣವೇ ಬೇಡ ಎಂದು ನಿರ್ಧರಿಸಿ ಎದ್ದುಹೋದರು. ಎರಡನೇ ಸಭೆಯಲ್ಲಿ ಇಟ್ಟಿಗೆ ಬಣ್ಣ ಎಂದಾಯಿತು. ಯಾವ ಇಟ್ಟಿಗೆ, ಸುಟ್ಟದ್ದೋ ಹಸಿಯೋ ಎಂದು ಮೂರನೇ ಸಭೆ. ಕುರ್ಚಿಯವನು ಪೋಸ್ಟರಿನಲ್ಲಿ ಅಕ್ಷರಗಳೇ ಇರಬಾರದು ಎಂದು ವಾದಿಸಿದ. ತಾರೀಕು ಹೇಗೆ ತಿಳಿಯಬೇಕಪ್ಪ ಎಂದು ನಾನು ಅಡುಗೆಮನೆಯಿಂದ ಕೇಳಿದೆ. ಮಗಳು ನನ್ನತ್ತ ನೋಡಿದ ನೋಟಕ್ಕೆ ಕೈಯಲ್ಲಿದ್ದ ಟೀ ಆರಿಹೋಯಿತು.

ಎರಡು ತಿಂಗಳು ಮನೆಯ ಗೋಡೆ ನಮ್ಮದಾಗಿರಲಿಲ್ಲ. ಫ್ರಿಜ್ಜಿನ ಮೇಲೆ, ಬೀರುವಿನ ಮೇಲೆ, ಬಚ್ಚಲ ಬಾಗಿಲ ಮೇಲೆ ಕಾಗದ. ಒಂದೇ ಅಕ್ಷರ ಇಪ್ಪತ್ತು ತರಹ. ಈ ಹೊಟ್ಟೆ ದಪ್ಪವೇ, ಈ ಬಾಲ ಉದ್ದವೇ ಎಂದು ಕೇಳುತ್ತಿದ್ದಳು. ಎಲ್ಲವೂ ನನಗೆ ಒಂದೇ ಥರ ಕಾಣುತ್ತಿದ್ದವು, ಆದರೂ ಕಣ್ಣು ಕಿರಿದು ಮಾಡಿಕೊಂಡು ನೋಡಿ ಮೂರನೆಯದು ಚೆನ್ನಾಗಿದೆ ಎನ್ನುತ್ತಿದ್ದೆ. ಮೂರನೆಯದು ಎನ್ನುವುದು ಯಾವಾಗಲೂ ಸುರಕ್ಷಿತ. ಹೆತ್ತವಳು ಹೊಗಳದೆ ಇನ್ಯಾರು ಹೊಗಳಬೇಕು ಎಂದು ನನ್ನ ಲೆಕ್ಕ. ಅದು ತಪ್ಪು ಎಂದು ಗೊತ್ತಾದದ್ದು ಪ್ರದರ್ಶನಕ್ಕೆ ಎರಡು ದಿನ ಮುಂಚೆ.

ಅಂದು ಎಲ್ಲವನ್ನೂ ಕಟ್ಟಡದಲ್ಲಿ ಜೋಡಿಸಿ ಆಗಿತ್ತು. ಹೊಸ ಕಣ್ಣಿನವರು ಯಾರಾದರೂ ಬಂದು ಸುತ್ತಾಡಲಿ ಎಂದು ಮಗಳು ಹೇಳಿದಳು. ನಾನು ನಮ್ಮ ಆಸ್ಪತ್ರೆಯ ಹಿರಿಯ ನರ್ಸಮ್ಮನನ್ನೂ, ಸ್ಟ್ರೆಚರ್ ತಳ್ಳುವ ಅಣ್ಣನನ್ನೂ ಕರೆದುಕೊಂಡು ಹೋದೆ. ಆ ಅಣ್ಣ ಕಣ್ಣು ಮುಚ್ಚಿಕೊಂಡು ಇಡೀ ಆಸ್ಪತ್ರೆ ಸುತ್ತಬಲ್ಲ ಮನುಷ್ಯ. ದಾರಿ ಹುಡುಕುವುದರಲ್ಲಿ ಎತ್ತಿದ ಕೈ.

ಆ ಕಟ್ಟಡ ಕಟ್ಟಿದವನಿಗೆ ಜನರ ಮೇಲೆ ಏನೋ ಹಗೆಯಿದ್ದಿರಬೇಕು. ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಮುಂದಿನದನ್ನು ಹತ್ತಿದರೆ ಮೊದಲ ಮಹಡಿ ಮಾತ್ರ ಸಿಗುತ್ತದೆ. ಎರಡನೇ ಮಹಡಿಗೆ ಹೋಗಬೇಕಾದರೆ ಕೆಳಗೇ ಉದ್ದದ ಪಡಸಾಲೆ ದಾಟಿ, ಒಂದು ಬೀಗ ಹಾಕಿದ ಬಾಗಿಲ ಮುಂದೆ ತಿರುಗಿ, ಹಿಂದಿನ ಮೆಟ್ಟಿಲು ಹತ್ತಬೇಕು. ಅಲ್ಲಿ ಮೂಲೆಯಲ್ಲಿ ಒಂದೇ ಕೋಣೆ. ಚೀಟಿ ಎತ್ತಿದಾಗ ಅದು ಮಣ್ಣಿನವಳಿಗೆ ಬಂದಿತ್ತು. ಹೋದ ವರ್ಷ ಆ ಕೋಣೆ ಸಿಕ್ಕವನ ಕೆಲಸವನ್ನು ಮೂರು ದಿನದಲ್ಲಿ ಹನ್ನೊಂದು ಜನ ನೋಡಿದ್ದರಂತೆ, ಅದರಲ್ಲಿ ನಾಲ್ವರು ಮನೆಯವರು.

ಹಲಗೆಗಳು ಚೆನ್ನಾಗಿದ್ದವು. ಸುಳ್ಳೇಕೆ ಹೇಳಲಿ, ನೋಡಿ ನನಗೇ ಹೆಮ್ಮೆಯಾಯಿತು. ಒಂದೊಂದೂ ಮರದಲ್ಲಿ ಕೊರೆದದ್ದು, ಇಟ್ಟಿಗೆ ಬಣ್ಣ ಅಂಚಿನಲ್ಲಿ ತಿಳಿಯಾಗುತ್ತಾ ಹೋಗಿ ಬಾಣದ ಮೂತಿ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಕೆಳಗೆ ಒಂದು ಪುಟ್ಟ ಬಿಳೀ ಚೀಟಿ: ದಿಕ್ಕು, ಮರ ಮತ್ತು ಬಣ್ಣ, ಈ ವರ್ಷ. ಉಳಿದ ಎಂಟು ಜನರ ಕೆಲಸದ ಪಕ್ಕ ಯಾವ ಚೀಟಿ ಇತ್ತೋ ಅದೇ ಅಳತೆ, ಅದೇ ಅಕ್ಷರ.

ನಾನು ದಾರಿ ಹೇಳದೆ ಅವರಿಬ್ಬರ ಹಿಂದೆಯೇ ನಡೆದೆ. ನರ್ಸಮ್ಮ ಮೊದಲ ಬಾಣದ ಮುಂದೆ ನಿಂತರು. ಚೀಟಿ ಓದಿದರು. ಒಂದು ಹೆಜ್ಜೆ ಹಿಂದೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ತಲೆ ವಾಲಿಸಿ ನೋಡಿದರು. ಸ್ಟ್ರೆಚರ್ ಅಣ್ಣ ಪಕ್ಕ ಬಂದು ನಿಂತು, ಇದರಲ್ಲಿ ದೊಡ್ಡ ಅರ್ಥ ಇದೆ ಎಂದ. ಇಬ್ಬರೂ ಸ್ವಲ್ಪ ಹೊತ್ತು ಆ ಅರ್ಥವನ್ನು ಗೌರವಿಸಿ, ಬಾಣ ತೋರಿಸಿದ ಕಡೆ ಬಿಟ್ಟು ಬೇರೆ ಕಡೆ ನಡೆದರು. ಎರಡನೇ ಬಾಣಕ್ಕೂ ಅದೇ ಮರ್ಯಾದೆ. ಬೀಗ ಹಾಕಿದ ಬಾಗಿಲ ಹತ್ತಿರ ಹೋಗಿ, ಇದನ್ನೂ ಯಾರೋ ಮಾಡಿದ್ದಿರಬೇಕು ಎಂದು ಆ ಬೀಗವನ್ನು ಎರಡು ನಿಮಿಷ ನೋಡಿದರು. ಕುರ್ಚಿಯ ಕೋಣೆಗೆ ಬಂದಾಗ ಕಾಲು ಸೋತಿದ್ದವೆಂದು ನರ್ಸಮ್ಮ ಅದರ ಮೇಲೆ ಕೂತೇಬಿಟ್ಟರು. ಒಂದು ಗಂಟೆಯಾದ ಮೇಲೆ ಬಹಳ ಚೆನ್ನಾಗಿತ್ತು, ಎಲ್ಲ ನೋಡಿ ಆಯಿತು ಎಂದು ಹೊರಗೆ ಬಂದರು.

ಮೇಲಿನ ಕೋಣೆಯಿಂದ ಮಣ್ಣಿನವಳು ಇಳಿದು ಬಂದಳು. ಹೊಸ ಜನ ಬರುತ್ತಾರೆಂದು ಕೈಯ ಮಣ್ಣೆಲ್ಲ ತೊಳೆದು ತಲೆ ಬಾಚಿಕೊಂಡಿದ್ದಳು ಪಾಪ. ಅವಳು ಯಾರ ಮೇಲೂ ಕೂಗಾಡಲಿಲ್ಲ. ನನ್ನ ಮಗಳ ಹತ್ತಿರ ಬಂದು, "ಯಾರೂ ಬರಲಿಲ್ಲ ಕಣೆ" ಎಂದಷ್ಟೇ ಹೇಳಿ, ಮೆಟ್ಟಿಲ ಮೇಲೆ ಕೂತಳು.

ಬಂದವರನ್ನು ಕಳಿಸಿ ನಾನು ಒಳಗೆ ಬಂದಾಗ ಮಗಳು ಮೊದಲ ಬಾಣದ ಕೆಳಗೆ ನೆಲದ ಮೇಲೆ ಕೂತಿದ್ದಳು. ಹೇಗಿದೆ ಎಂದು ಕೇಳಿದಳು. ಆರು ವರ್ಷದಿಂದ ಅವಳು ಆ ಪ್ರಶ್ನೆ ಕೇಳಿದಾಗೆಲ್ಲ ಚೆನ್ನಾಗಿದೆ ಎಂದೇ ಹೇಳಿಕೊಂಡು ಬಂದವಳು ನಾನು. ಈಗಲೂ ನಾಲಿಗೆ ತುದಿಯಲ್ಲಿ ಅದೇ ಇತ್ತು.

"ತುಂಬ ಚೆನ್ನಾಗಿದೆ ಮರಿ," ಎಂದೆ. "ಅದೇ ತೊಂದರೆ. ಜನ ಇದನ್ನೇ ನೋಡ್ತಾ ನಿಂತ್ಬಿಡ್ತಾರೆ, ಹೋಗಬೇಕಾದ ಕಡೆ ಹೋಗಲ್ಲ. ಆ ಚೀಟಿ ಯಾಕೆ ಅಂಟಿಸಿದೆ?"

ಎಲ್ಲದಕ್ಕೂ ಒಂದೇ ಪದ್ಧತಿ ಇರಬೇಕು, ಅದಕ್ಕೆ ಎಂದು ಏನೇನೋ ಶಾಸ್ತ್ರ ಹೇಳಲು ಶುರು ಮಾಡಿದಳು. ನಡುವೆ ಅವಳೇ ನಿಲ್ಲಿಸಿದಳು. ಕಣ್ಣು ತುಂಬಿಕೊಂಡಿತ್ತು.

"ಅವರೆಲ್ಲರಿಗೂ ಕೋಣೆ ಇದೆ ಅಮ್ಮ. ನಂದು ಅಂತ ಒಂದು ಚೀಟಿನಾದ್ರೂ ಇರ್ಲಿ ಅಂತ ಹಾಕ್ದೆ. ಹಂಗಾದ್ರೆ ನಾನು ಮಾಡಿದ್ದು ಯಾರಿಗೂ ಕಾಣಲೇಬಾರದಾ?"

ಎರಡು ತಿಂಗಳು ನಾನು ಆ ಬಾಣಗಳನ್ನು ಗೇಲಿ ಮಾಡಿದ್ದೆ. ಅವಳು ಇದೊಂದು ಹೆದರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಕ್ಷರದ ಹೊಟ್ಟೆ ಅಳೆಯುತ್ತಿದ್ದಳು ಎಂದು ನನಗೆ ಹೊಳೆಯಲೇ ಇಲ್ಲ. ಅವಳ ಪಕ್ಕ ನಾನೂ ಕೂತೆ. ಕಾಣದೆ ಇರುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ಕಿಟಕಿಗೆ ಬಂದವರು ನನ್ನ ಕೈ ನೋಡುತ್ತಾರೆ, ಕೈ ತೋರಿಸಿದ ಕಡೆ ನೋಡುತ್ತಾರೆ, ಹೋಗುತ್ತಾರೆ. ಮುಖ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಅದನ್ನು ಇಪ್ಪತ್ತಾರು ವರ್ಷದ ಹುಡುಗಿಗೆ ಸಮಾಧಾನ ಎಂದು ಹೇಳಲು ಬಾಯಿ ಬರಲಿಲ್ಲ.

ಅವಳೇ ಕಣ್ಣೊರೆಸಿಕೊಂಡು ಎದ್ದು ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಆಮೇಲೆ ಆರು ವರ್ಷದಲ್ಲಿ ಮೊದಲ ಬಾರಿಗೆ ನನಗೆ ಗೊತ್ತಿರುವ ವಿಷಯದ ಬಗ್ಗೆ ನನ್ನನ್ನು ಒಂದು ಪ್ರಶ್ನೆ ಕೇಳಿದಳು. ಜನ ದಾರಿ ತಪ್ಪುವುದು ಎಲ್ಲಿ?

ಅದು ನನಗೆ ಬಿಟ್ಟರೆ ಇನ್ಯಾರಿಗೆ ಗೊತ್ತು. ಒಂದು ಸೀಮೆಸುಣ್ಣ ತೆಗೆದುಕೊಂಡು, ನರ್ಸಮ್ಮನೂ ಅಣ್ಣನೂ ಎಲ್ಲೆಲ್ಲಿ ಕಾಲು ನಿಲ್ಲಿಸಿ ಆಚೆ ಈಚೆ ನೋಡಿದರೋ ಅಲ್ಲೆಲ್ಲ ನೆಲದ ಮೇಲೆ ಒಂದೊಂದು ಗುಣಿಸುವ ಗುರುತು ಹಾಕಿದೆ. ಒಟ್ಟು ಹದಿನಾಲ್ಕಾದವು. ಅವಳ ಹಲಗೆ ಇದ್ದದ್ದು ಒಂದು ಕಡೆ, ಜನ ನಿಂತದ್ದು ಇನ್ನೊಂದು ಕಡೆ. ಗೋಡೆ ಎಲ್ಲಿ ಖಾಲಿ ಇದೆ, ಎಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ ಎಂದು ನೋಡಿ ಅವಳು ಹಲಗೆ ಹಾಕಿದ್ದಳು. ಜನಕ್ಕೆ ಗೋಡೆಯ ಚಿಂತೆ ಎಲ್ಲಿರುತ್ತದೆ? ಅನುಮಾನ ಬಂದ ಕಡೆ ನಿಲ್ಲುತ್ತಾರೆ, ನಿಂತಾಗ ತಲೆ ಎತ್ತುತ್ತಾರೆ, ತಲೆ ಎತ್ತಿದಾಗ ಎದುರಿಗೆ ಉತ್ತರ ಇರಬೇಕು. ತಿರುವಿನಲ್ಲಿ ಹಾಕಿದರೆ ತಡವಾಯಿತು, ತಿರುವಿಗೆ ನಾಲ್ಕು ಹೆಜ್ಜೆ ಮುಂಚೆಯೇ ಹಾಕಬೇಕು. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ನಾನು ಹೇಳಿದ್ದನ್ನು ಅವಳು ಬರೆದುಕೊಂಡದ್ದು ಅದೇ ಮೊದಲು. ನನಗೆ ಸ್ವಲ್ಪ ತಲೆ ತಿರುಗಿತು ಎಂದೇ ಹೇಳಬೇಕು. ಆ ಭರದಲ್ಲಿ ಅಕ್ಷರದ ಹೊಟ್ಟೆಯ ಬಗ್ಗೆಯೂ ಒಂದು ಸಲಹೆ ಕೊಟ್ಟೆ. ಅದನ್ನು ಬರೆದುಕೊಳ್ಳಲಿಲ್ಲ.

ಮರುದಿನ ಒಂಬತ್ತೂ ಜನ ಸೇರಿ ಹಳೇ ಹಲಗೆ ಕಳಚಿ, ಅವುಗಳ ಹಿಂಬದಿಗೆ ಇಟ್ಟಿಗೆ ಬಣ್ಣ ಬಳಿದು, ಅವಳು ಕತ್ತರಿಸಿ ಕೊಟ್ಟ ಅಚ್ಚು ಇಟ್ಟು ದೊಡ್ಡ ಬಿಳೀ ಅಕ್ಷರ ಬರೆದರು. ಅಕ್ಷರಗಳೇ ಬೇಡ ಎಂದಿದ್ದ ಕುರ್ಚಿಯವನು ಎಲ್ಲರಿಗಿಂತ ನೀಟಾಗಿ ಬರೆದ. ಜೊತೆಗೆ ತನ್ನ ಕುರ್ಚಿಗೆ, ಇದರ ಮೇಲೆ ಕೂರಬೇಡಿ ಎಂದು ಇನ್ನೂ ದೊಡ್ಡ ಹಲಗೆ ಬೇಕೆಂದು ಕೇಳಿದ. ಹದಿನಾಲ್ಕು ಗುರುತಿಗೆ ಹದಿನಾಲ್ಕು ಹಲಗೆ. ಎಲ್ಲ ಮುಗಿದ ಮೇಲೆ ನೋಡಿದರೆ, ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕೋಣೆಗಳಿದ್ದವು, ಕೋಣೆಗೆ ದಾರಿಯಿತ್ತು, ಅಷ್ಟೇ. ಮಗಳು ಪಡಸಾಲೆಯಲ್ಲಿ ನಿಂತು ಆ ಕಡೆ ಈ ಕಡೆ ನೋಡಿ, ಇನ್ನು ಫೇಲಾಗುವುದು ಖಂಡಿತ ಎಂದಳು. ಈ ಸಲ ನಾನು ತಮಾಷೆ ಮಾಡಲಿಲ್ಲ.

ಮೊದಲ ದಿನ ನಾನು ರಜೆ ಹಾಕಿ ಹೋದೆ. ಇವರಿಗೆ ಡ್ಯೂಟಿ ಇತ್ತು. ಹೊರಡುವ ಮುಂಚೆ ಮಗಳು ನನ್ನಿಂದ ಮಾತು ತೆಗೆದುಕೊಂಡಿದ್ದಳು: ಯಾರಿಗೂ ಏನೂ ಹೇಳಬಾರದು, ಪರೀಕ್ಷಕರ ಹತ್ತಿರವಂತೂ ತುಟಿ ಪಿಟಕ್ಕೆನ್ನಬಾರದು. ಆಗಲಿ ಎಂದೆ. ಆದರೆ ಎಲ್ಲಿ ನಿಲ್ಲಬಾರದು ಎಂದು ಅವಳು ಹೇಳಿರಲಿಲ್ಲವಲ್ಲ. ಬಾಗಿಲಿನ ಒಳಗೆ, ಮುಂದಿನ ಮೆಟ್ಟಿಲ ಪಕ್ಕ ಹೋಗಿ ನಿಂತೆ. ಅಭ್ಯಾಸಬಲ. ಎಲ್ಲಿ ಹೋದರೂ ನಾನು ನಿಲ್ಲುವುದು ಜನ ಬಂದು ಕೇಳುವ ಜಾಗದಲ್ಲೇ.

ಹತ್ತು ಗಂಟೆಗೆ ಜನ ಬರಲು ಶುರುವಾದರು. ಒಂದು ಕುಟುಂಬ ಒಳಗೆ ಬಂತು. ನನ್ನ ಕೈ ಆಗಲೇ ಸಿದ್ಧವಾಗಿತ್ತು. ಅವರು ಒಂದು ಕ್ಷಣ ನಿಂತರು, ತಲೆ ಎತ್ತಿದರು, ಎಡಕ್ಕೆ ಹೋದರು. ಅವರ ಹಿಂದೆ ಇಬ್ಬರು ಹುಡುಗಿಯರು. ನಿಂತರು, ತಲೆ ಎತ್ತಿದರು, ಹೋದರು. ಹನ್ನೊಂದಾಯಿತು, ಹನ್ನೆರಡಾಯಿತು. ನನ್ನ ಮುಂದೆ ಇನ್ನೂರು ಜನರಾದರೂ ಹಾದುಹೋದರು. ದಾರಿ ಕೇಳಲು ಯಾರಿಗೂ ನಾನು ಬೇಕಾಗಲಿಲ್ಲ. ಮೊದಮೊದಲು ನನಗೆ ಇರಿಸುಮುರಿಸಾಯಿತು. ಇಪ್ಪತ್ತೇಳು ವರ್ಷದಲ್ಲಿ ನಾನು ಇಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ. ಆಮೇಲೆ ಮೇಲಿನಿಂದ ಮಣ್ಣಿನವಳ ದನಿ ಕೇಳಿಸತೊಡಗಿತು. ಬಿಡುವಿಲ್ಲದೆ ಯಾರಿಗೋ ಏನೋ ವಿವರಿಸುತ್ತಿದ್ದಳು, ಗಂಟಲು ಕಟ್ಟಿಹೋಗಿತ್ತು. ಅದನ್ನು ಕೇಳಿ ನನಗೆ ಅಲ್ಲೇ ಗಟ್ಟಿಯಾಗಿ ನಗಬೇಕೆನಿಸಿತು.

ಪರೀಕ್ಷಕರು ಮೆಟ್ಟಿಲಿಳಿದು ಬಂದಾಗ ಒಂದು ಗಂಟೆ. ಐವತ್ತೈದರ ಆಸುಪಾಸಿನ ಮನುಷ್ಯ, ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ಒಂಬತ್ತು ಹೆಸರಿನ ಪಟ್ಟಿ. ಎಂಟಕ್ಕೆ ಗುರುತು ಹಾಕಿ ಆಗಿತ್ತು. ಮಗಳು ಪಡಸಾಲೆಯ ನಡುವೆ, ಯಾವುದರ ಮುಂದೆಯೂ ಅಲ್ಲದೆ, ಬರೀ ನೆಲದ ಮೇಲೆ ನಿಂತಿದ್ದಳು. ನಿಮ್ಮ ಕೆಲಸ ಯಾವುದಮ್ಮ ಎಂದು ಅವರು ಕೇಳಿದರು. ಪ್ರದರ್ಶನದ ಚಹರೆ ಎಂದಳು. ಅವರು ಕನ್ನಡಕ ಇಳಿಸಿಕೊಂಡು ಸುತ್ತಲೂ ನೋಡಿದರು. ಪೋಸ್ಟರ್ ನೋಡಿದ್ದೇನೆ, ಚೆನ್ನಾಗಿದೆ, ಆದರೆ ಇಲ್ಲಿ ಏನಿದೆ, ನನಗೇನೂ ಕಾಣಿಸಲಿಲ್ಲವಲ್ಲ ಎಂದರು. ಕೆಟ್ಟ ಮನುಷ್ಯನೇನಲ್ಲ, ನಿಜವಾಗಿಯೂ ಕಂಡಿರಲಿಲ್ಲ ಅಷ್ಟೇ. ಮಗಳು ಬಾಯಿ ತೆರೆದಳು. ಮನೆಯಲ್ಲಿ ಎರಡು ತಿಂಗಳು ನನ್ನ ತಲೆ ತಿಂದ ಶಾಸ್ತ್ರದಲ್ಲಿ ಒಂದು ಅಕ್ಷರವೂ ಹೊರಗೆ ಬರಲಿಲ್ಲ. ಅವರು ಪೆನ್ನು ತೆಗೆದರು.

ನಾನು ಮಾತು ಕೊಟ್ಟಿದ್ದೆ, ನಿಜ. ಆದರೆ ಹೆತ್ತವಳ ಕಾಲು ಮಾತು ಕೇಳಬೇಕಲ್ಲ, ಅವರ ಹತ್ತಿರಕ್ಕೆ ನಡೆದೇಬಿಟ್ಟಿತು.

"ನಾನು ಬೆಳಿಗ್ಗೆಯಿಂದ ಈ ಬಾಗಿಲಲ್ಲೇ ನಿಂತಿದೀನಿ ಸಾರ್," ಎಂದೆ. "ಇನ್ನೂರು ಜನ ಬಂದ್ರು. ಅದರಲ್ಲಿ ನನ್ನನ್ನ ಪ್ರಶ್ನೆ ಕೇಳಿದ್ದು ಒಬ್ಬರೇ. ಅದೂ ಗಂಟೆ ಎಷ್ಟು ಅಂತ."

ಮಗಳು ನನ್ನನ್ನು ನುಂಗುವ ಹಾಗೆ ನೋಡಿದಳು. ಅವರು ನನ್ನ ಕಡೆ ತಿರುಗಿ, ತಾವು ಯಾರು ಎಂದರು. ಇವಳ ತಾಯಿ ಎಂದರೆ ಮುಗಿಯಿತು, ತಾಯಂದಿರ ಮಾತಿಗೆ ಇಂಥ ಕಡೆ ಎಷ್ಟು ಬೆಲೆ ಎಂದು ನನಗೆ ಗೊತ್ತಿಲ್ಲವೇ. ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದೇನೆ ಎಂದೆ. ಅವರು ತಲೆಯಾಡಿಸಿದರು, ಇನ್ನೂ ಏನೂ ಅರ್ಥವಾಗಿರಲಿಲ್ಲ.

"ಎರಡನೇ ಮಹಡಿ ಮೂಲೆ ಕೋಣೆಗೆ ಹೋಗಿದ್ರಾ?" ಎಂದು ಕೇಳಿದೆ.

"ಹೋಗಿದ್ದೆ. ಮಣ್ಣಿನ ಪಾತ್ರೆಗಳು. ತುಂಬ ಚೆನ್ನಾಗಿವೆ."

"ಯಾರನ್ನ ಕೇಳ್ಕೊಂಡು ಹೋದ್ರಿ?"

ಅವರು ಹಿಂದಕ್ಕೆ ತಿರುಗಿ ಪಡಸಾಲೆಯನ್ನು ನೋಡಿದರು, ಆ ಬೀಗ ಹಾಕಿದ ಬಾಗಿಲ ಕಡೆ ನೋಡಿದರು, ಹಿಂದಿನ ಮೆಟ್ಟಿಲ ಕಡೆ ನೋಡಿದರು. ಆಮೇಲೆ ನನ್ನ ಮಗಳ ಮುಖವನ್ನು, ಅಂದು ಮೊದಲ ಬಾರಿಗೆ ಎನ್ನುವ ಹಾಗೆ, ನೋಡಿದರು. ಪೆನ್ನು ಜೇಬಿಗೆ ಹಾಕಿಕೊಂಡು, ಬನ್ನಿ, ಮೊದಲಿನಿಂದ ತೋರಿಸಿ ಎಂದರು.

ಇಬ್ಬರೂ ಬಾಗಿಲ ಹತ್ತಿರದ ಮೊದಲ ಹಲಗೆಗೆ ಬಂದರು. ಇದು ಇಲ್ಲೇ ಯಾಕೆ, ಇಷ್ಟೇ ಎತ್ತರ ಯಾಕೆ ಎಂದು ಅವರು ಕೇಳಿದರು. ಜನ ನಿಲ್ಲುವುದು ಇಲ್ಲಿ ಎಂದು ಅವಳು ಹೇಳಲು ಶುರು ಮಾಡಿದಳು. ಮೊದಲು ತಡವರಿಸಿದಳು, ಮೂರನೇ ಹಲಗೆಯ ಹೊತ್ತಿಗೆ ಕೈಯೆತ್ತಿ ತೋರಿಸತೊಡಗಿದಳು. ನಾನು ಹಿಂದೆ ಹೋಗಲಿಲ್ಲ. ಪಡಸಾಲೆಯ ಕೊನೆಯಲ್ಲಿ ತಿರುಗುವ ಮುಂಚೆ ಅವರು, ಇದನ್ನೆಲ್ಲ ಯಾರ ಹತ್ತಿರ ಕಲಿತಿರಿ ಎಂದು ಕೇಳಿದ್ದು ನನಗೆ ಕೇಳಿಸಿತು. ಅವಳು ಏನು ಹೇಳಿದಳೋ ಕೇಳಿಸಲಿಲ್ಲ. ಆದರೆ ಅವರಿಬ್ಬರೂ ಒಟ್ಟಿಗೆ ತಿರುಗಿ, ದೂರದಿಂದ ನನ್ನ ಮುಖ ನೋಡಿದರು.